ಮಸ್ಟಾಂಗ್ ಇಳಿಸುವುದನ್ನು ಹಿಂದಿನಿಂದ ಮುಂದಕ್ಕೆ ಕಲಿಯಿರಿ

ಡಿಸಿಎಸ್ ವರ್ಲ್ಡ್ ಎಂಬ ವಿಮಾನ ಹಾರಿಸುವ ಸಿಮ್ಯುಲೇಟರನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ಜೊತೆಗೆ ಎರಡು ವಿಮಾನ ಪುಕ್ಕಟೆ ಸಿಗುತ್ತವೆ. ಒಂದು ಸು-25ಟಿ ಜೆಟ್. ಇನ್ನೊಂದು ಟಿಎಫ್-51ಡಿ, ಎರಡನೇ ಮಹಾಯುದ್ಧದ ಮಸ್ಟಾಂಗ್‌ನ ತರಬೇತಿ ರೂಪ. ಬಂದೂಕು ಇಲ್ಲ, ಅಷ್ಟೇ. ಎಂಜಿನ್ನು, ರೆಕ್ಕೆ, ಚಕ್ರ, ಹಟ ಎಲ್ಲವೂ ಮಸ್ಟಾಂಗ್‌ನದೇ. ಹಳೆಯ ಯುದ್ಧವಿಮಾನ ಇಳಿಸುವುದನ್ನು ಕಲಿಯಬೇಕು ಅನ್ನುವವರಿಗೆಲ್ಲ ನಾನು ತೋರಿಸುವುದು ಇದನ್ನೇ. ಬ್ರಿಟಿಷರ ಸ್ಪಿಟ್‌ಫೈರ್ ಕೊಳ್ಳುವ ಆಸೆ ಇದ್ದರೂ ಮೊದಲು ಇದರಲ್ಲಿ ಕೈಕಾಲು ಪಳಗಿಸಿಕೊಳ್ಳಿ.

ಹಾರಿಸುವುದು ಒಂದು ಸಂಜೆಯಲ್ಲಿ ಬರುತ್ತದೆ. ಇಳಿಸುವುದು ನನಗೆ ಒಂದು ತಿಂಗಳು ಹಿಡಿಯಿತು, ಅದೂ ದಿನಾ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕೂತು. ಪ್ರತಿ ಸಲವೂ ಅದೇ ಪಾಡು: ರನ್‌ವೇ ಕಾಣುತ್ತದೆ, ಚಕ್ರ ಮುಟ್ಟುತ್ತದೆ, ಬಂತು ಅಂದುಕೊಳ್ಳುವಷ್ಟರಲ್ಲಿ ಮೂತಿ ಒಂದು ಕಡೆಗೆ ಓಡಿ ರೆಕ್ಕೆಯ ತುದಿ ನೆಲ ಕೆರೆಯುತ್ತದೆ. ಚಕ್ರ ಮುಟ್ಟುವ ಆ ಒಂದು ಗಳಿಗೆಯಲ್ಲೇ ಏನೋ ತಪ್ಪುತ್ತಿದೆ ಎಂದು ಅಲ್ಲೇ ಹುಡುಕುತ್ತಿದ್ದೆ. ತಪ್ಪು ಅಲ್ಲಿರಲಿಲ್ಲ. ಅದಕ್ಕೆ ಒಂದು ನಿಮಿಷ ಮುಂಚೆ ಇತ್ತು, ಹತ್ತು ಸೆಕೆಂಡು ಆಮೇಲೆ ಇತ್ತು. ಮುಂಚಿನ ತಪ್ಪು ವೇಗದ್ದು, ಆಮೇಲಿನದು ಕಾಲಿನದು.

ಇದು ಗೊತ್ತಾದದ್ದು ರಿಪ್ಲೇ ನೋಡಿದಾಗ. ಬಲಗಡೆಯ ಕಂಟ್ರೋಲ್ ಕೀ ಹಿಡಿದು ಎಂಟರ್ ಒತ್ತಿದರೆ ಪರದೆಯ ಮೂಲೆಯಲ್ಲಿ ಪುಟ್ಟದೊಂದು ಚೌಕ ಬರುತ್ತದೆ. ವಿಮಾನ ನಡೆಸುವ ಸ್ಟಿಕ್ ಎಲ್ಲಿದೆ, ಎಂಜಿನ್ನಿನ ಬಲ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಎಷ್ಟಿದೆ, ಕಾಲಿನಿಂದ ಒತ್ತಿ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಯಾವ ಕಡೆಗಿದೆ ಎಲ್ಲವನ್ನೂ ತೋರಿಸುತ್ತದೆ. ವಿಮಾನ ಎಡಕ್ಕೆ ಹೊರಳಿ ಹುಲ್ಲಿಗಿಳಿದು ಮುರಿದು ಬೀಳುವವರೆಗೂ ರಡ್ಡರಿನ ಗುರುತು ಮಧ್ಯದಿಂದ ಕೂದಲೆಳೆಯಷ್ಟೂ ಕದಲಿರಲಿಲ್ಲ. ಚಕ್ರ ನೆಲ ಮುಟ್ಟಿದ ಕೂಡಲೇ ನನ್ನ ಕಾಲು ಕೆಲಸ ಮುಗಿಯಿತೆಂದು ಸುಮ್ಮನಾಗಿತ್ತು.

ಅಂದಿನಿಂದ ಕಲಿಯುವ ಕ್ರಮವನ್ನೇ ತಿರುಗಿಸಿಕೊಂಡೆ. ಇಳಿದ ಮೇಲೆ ಓಡುವುದನ್ನು ಮೊದಲು ಕಲಿತೆ, ನಿಧಾನವಾಗಿ ಹಾರುವುದನ್ನು ಆಮೇಲೆ, ಮುಟ್ಟುವುದನ್ನು ಎಲ್ಲಕ್ಕಿಂತ ಕೊನೆಗೆ. ಈ ಬರಹವೂ ಅದೇ ಕ್ರಮದಲ್ಲಿದೆ. ನಡುವೆ ಯಾವುದನ್ನೂ ಬಿಟ್ಟು ಮುಂದೆ ಹೋಗಬೇಡಿ.

ಟ್ರಾಲಿಯನ್ನು ಹಿಮ್ಮುಖ ತಳ್ಳಿದಂತೆ

ಸೂಪರ್ ಮಾರ್ಕೆಟ್ಟಿನ ಟ್ರಾಲಿ ನೋಡಿರುತ್ತೀರಿ. ಹಿಡಿಕೆಯ ಕಡೆಯ ಎರಡು ಚಕ್ರ ತಿರುಗುವುದಿಲ್ಲ, ಮುಂದಿನ ಎರಡು ಎತ್ತ ಬೇಕಾದರೂ ತಿರುಗುತ್ತವೆ. ಮುಂದಕ್ಕೆ ತಳ್ಳಿದರೆ ನೆಟ್ಟಗೆ ಹೋಗುತ್ತದೆ. ಅದನ್ನೇ ತಿರುಗಿಸಿ, ಹಿಡಿಕೆ ಮುಂದಾಗುವಂತೆ ಒಮ್ಮೆ ಜೋರಾಗಿ ನೂಕಿ ಕೈಬಿಡಿ. ಎರಡು ಮಾರು ಹೋಗುವಷ್ಟರಲ್ಲಿ ಗಿರ್ರನೆ ತಿರುಗಿಬಿಡುತ್ತದೆ.

ಮಸ್ಟಾಂಗ್, ಸ್ಪಿಟ್‌ಫೈರ್, ಜರ್ಮನರ ಮೆಸ್ಸರ್‌ಶ್ಮಿಟ್ 109 ಮೂರೂ ಹೀಗೆ ಹಿಮ್ಮುಖ ನೂಕಿದ ಟ್ರಾಲಿಗಳು. ದೊಡ್ಡ ಚಕ್ರ ಎರಡು ಮುಂದಿವೆ, ಸಣ್ಣದೊಂದು ಬಾಲದಡಿ ಇದೆ, ವಿಮಾನದ ಭಾರದ ಕೇಂದ್ರ ದೊಡ್ಡ ಚಕ್ರಗಳ ಹಿಂದಿದೆ. ಮೂತಿ ಸ್ವಲ್ಪ ಎಡಕ್ಕೆ ಹೊರಳಿತು ಅಂದುಕೊಳ್ಳಿ. ಹಿಂದಿರುವ ಭಾರ ಹಳೇ ದಿಕ್ಕಿನಲ್ಲೇ ಮುಂದೆ ಹೋಗಬೇಕು ಅನ್ನುತ್ತದೆ, ಬಾಲವನ್ನು ಬಲಕ್ಕೆ ದೂಡುತ್ತದೆ, ಮೂತಿ ಇನ್ನಷ್ಟು ಎಡಕ್ಕೆ ಹೊರಳುತ್ತದೆ. ಸುಮ್ಮನೆ ಬಿಟ್ಟರೆ ತಾನಾಗಿ ಸರಿಹೋಗುವ ತಪ್ಪು ಇದಲ್ಲ. ಪ್ರತಿ ಅರ್ಧ ಸೆಕೆಂಡಿಗೂ ಬೆಳೆಯುವ ತಪ್ಪು. ಗ್ರೌಂಡ್ ಲೂಪ್ ಅನ್ನುವುದು ಇದಕ್ಕೇ. ಇವತ್ತಿನ ಪ್ರಯಾಣಿಕ ವಿಮಾನಗಳಿಗೆ ಚಕ್ರ ಮೂತಿಯಡಿ ಇರುವುದರಿಂದ ಭಾರ ದೊಡ್ಡ ಚಕ್ರಗಳ ಮುಂದೆ ಬೀಳುತ್ತದೆ, ಅವು ತಾವಾಗಿಯೇ ನೆಟ್ಟಗಾಗುತ್ತವೆ. ಜೆಟ್ ಸಿಮ್ಯುಲೇಟರಿನಲ್ಲಿ ಪಳಗಿದವರು ಮಸ್ಟಾಂಗ್‌ನಲ್ಲಿ ಎಡವುವುದು ಇಲ್ಲೇ.

ಇದು ಯುದ್ಧವಿಮಾನಗಳಿಗಷ್ಟೇ ಇದ್ದ ಪಾಠವಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲ ಸಲ ಹಾರಿತು. ಅದಕ್ಕೂ ಚಕ್ರ ಬಾಲದಡಿಯೇ ಇತ್ತು. ನಮ್ಮ ವಾಯುಪಡೆಗೆ ಹೊಸದಾಗಿ ಸೇರಿದ ಎಷ್ಟೋ ಹುಡುಗರು ಕಾಲಿನ ಕೆಲಸ ಕಲಿತದ್ದು ಬೆಂಗಳೂರಿನಲ್ಲಿ ತಯಾರಾದ ಆ ವಿಮಾನದಲ್ಲಿ. ನನಗೆ ಇದು ಹೆಮ್ಮೆಯ ಸಂಗತಿ, ಅದಕ್ಕೇ ಹೇಳಿದೆ.

ಕೂರುವ ಮುಂಚೆ

ಸ್ಟಿಕ್ ಬೇಕೇ ಬೇಕು, ಕೀಬೋರ್ಡಿನಲ್ಲಿ ಇದಾಗುವುದಿಲ್ಲ. ರಡ್ಡರ್ ಪೆಡಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಿಡಿಯನ್ನೇ ತಿರುಚಬಹುದಾದ ಸ್ಟಿಕ್ ಸಾಕು. ನಾನು ಮೊದಲ ಎರಡು ವರ್ಷ ಅದರಲ್ಲೇ ಹಾರಿಸಿದೆ. ಪೆಡಲ್ ಕೊಂಡವರಿಗೆ ಒಂದು ಮಾತು: ಚಕ್ರದ ಕುರ್ಚಿಯಲ್ಲಿ ಕೂತು ಪೆಡಲ್ ಒತ್ತಿದರೆ ಕುರ್ಚಿಯೇ ಹಿಂದಕ್ಕೆ ಹೋಗುತ್ತದೆ. ಪೆಡಲಿಗೂ ಕುರ್ಚಿಯ ಕಂಬಕ್ಕೂ ಗಟ್ಟಿ ಹಗ್ಗ ಕಟ್ಟಿ. ನಾನು ಹಳೆಯ ಲುಂಗಿ ಹರಿದು ಹೊಸೆದು ಕಟ್ಟಿದ್ದೇನೆ, ಇವತ್ತಿಗೂ ಗಟ್ಟಿಯಾಗಿದೆ.

ಸೆಟ್ಟಿಂಗ್ಸ್‌ನಲ್ಲಿ ಈ ವಿಮಾನಕ್ಕೆಂದೇ ಇರುವ ಪುಟ ತೆರೆದು ಆಟೋ ರಡ್ಡರ್, ಟೇಕ್‌ಆಫ್ ಅಸಿಸ್ಟ್ ಎರಡನ್ನೂ ತೆಗೆದುಹಾಕಿ. ಅವು ನಿಮ್ಮ ಕಾಲಿನ ಕೆಲಸವನ್ನು ಗುಟ್ಟಾಗಿ ತಾವೇ ಮಾಡುತ್ತವೆ, ನಿಮಗೆ ಏನೂ ಕಲಿಸುವುದಿಲ್ಲ. ರಡ್ಡರಿಗೆ, ಸ್ಟಿಕ್‌ನ ಹಿಂದುಮುಂದಿನ ಚಲನೆಗೆ ಸ್ವಲ್ಪ ಕರ್ವ್ ಕೊಡಿ, 15ರಿಂದ 20ರವರೆಗೆ. ಮಧ್ಯದಲ್ಲಿ ನಾಜೂಕಾಗುತ್ತದೆ. ಬ್ರೇಕ್, ಫ್ಲಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಯುವ ಭಾಗ), ಚಕ್ರ, ಟ್ರಿಮ್ (ಕೈಕಾಲಿನ ಒತ್ತಡ ತಗ್ಗಿಸುವ ಹೊಂದಾಣಿಕೆ) ಇವು ಕೈ ಎತ್ತದೆ ಸಿಗುವ ಗುಂಡಿಗಳಲ್ಲಿರಲಿ.

ನೋಟದ ಅಗಲ ಒಂದೇ ಇರಲಿ. ಒಂದು ಸಲ ಝೂಮ್ ಮಾಡಿ, ಇನ್ನೊಂದು ಸಲ ಅಗಲಿಸಿ ಇಳಿದರೆ ನೆಲ ಎಷ್ಟು ಹತ್ತಿರವಿದೆ ಎಂಬ ಅಂದಾಜು ಕಣ್ಣಿಗೆ ಎಂದೂ ಕೂರುವುದಿಲ್ಲ. ತಲೆಯನ್ನು ಕಾಕ್‌ಪಿಟ್ಟಿನೊಳಗೆ ಸ್ವಲ್ಪ ಮೇಲಕ್ಕೆತ್ತಿ ಆ ನೋಟವನ್ನೇ ಉಳಿಸಿಕೊಳ್ಳಿ.

ಜಾಗ ಕಾಕಸಸ್ ನಕ್ಷೆಯ ಕೊಬುಲೆಟಿ, ಕಪ್ಪು ಸಮುದ್ರದ ದಂಡೆಯ ವಿಮಾನ ನಿಲ್ದಾಣ. ಈ ನಕ್ಷೆಯೂ ಪುಕ್ಕಟೆಯೇ. ಮಿಷನ್ ಎಡಿಟರಿನಲ್ಲಿ ಬೆಳಗಿನ ಹೊತ್ತು, ಗಾಳಿ ಸೊನ್ನೆ, ಇಂಧನ ಅರ್ಧ, ರನ್‌ವೇ ಮೇಲೆ ಎಂಜಿನ್ ಓಡುತ್ತಿರುವ ಮಸ್ಟಾಂಗ್ ಇಟ್ಟು ಉಳಿಸಿಕೊಳ್ಳಿ. ತಿಂಗಳಿಡೀ ಇದೇ ಮಿಷನ್ ಇರಲಿ.

ಮೊದಲ ಮೂರು ದಿನ ನೆಲ ಬಿಡಬೇಡಿ

ಮೊದಲ ದಿನ ಟ್ಯಾಕ್ಸಿ, ಅಂದರೆ ನೆಲದ ಮೇಲಿನ ಓಡಾಟ ಮಾತ್ರ. ಮಸ್ಟಾಂಗ್ ನಿಂತಿರುವಾಗ ಮೂತಿ ಆಕಾಶ ನೋಡುತ್ತದೆ, ಮುಂದೇನಿದೆ ಕಾಣುವುದಿಲ್ಲ. ಹಾಗಾಗಿ ಹಾವು ಹರಿದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತ, ಪಕ್ಕದ ಗಾಜಿನಿಂದ ಮುಂದೆ ನೋಡುತ್ತ ಹೋಗಬೇಕು. ಬಾಲದ ಚಕ್ರದ ಗುಟ್ಟನ್ನು ಇಲ್ಲೇ ಕಲಿಯಿರಿ. ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಹಿಡಿದರೆ ಬಾಲದ ಚಕ್ರ ಲಾಕ್ ಆಗಿ ರಡ್ಡರಿನ ಜೊತೆಗೆ ಎರಡು ಕಡೆಗೂ 6 ಡಿಗ್ರಿಯಷ್ಟೇ ತಿರುಗುತ್ತದೆ. ಪೂರ್ತಿ ಮುಂದಕ್ಕೆ ತಳ್ಳಿದರೆ ಬಿಟ್ಟುಕೊಂಡು ಎತ್ತ ಬೇಕಾದರೂ ತಿರುಗುತ್ತದೆ. ಬಿಗಿಯಾದ ತಿರುವಿಗೆ ಸ್ಟಿಕ್ ಮುಂದಕ್ಕೆ, ಉಳಿದೆಲ್ಲ ಹೊತ್ತೂ ಹೊಟ್ಟೆಯ ಕಡೆಗೆ. ಇಳಿದ ಮೇಲೆ ನಿಮ್ಮನ್ನು ಕಾಪಾಡುವುದು ಈ ಲಾಕೇ.

ಎರಡನೇ ದಿನ ಓಟ. ರನ್‌ವೇ ಮಧ್ಯದಲ್ಲಿ ನಿಂತು ಸ್ಟಿಕ್ ಹಿಂದಕ್ಕೆ ಹಿಡಿದು ಥ್ರಾಟಲನ್ನು ನಿಧಾನವಾಗಿ 30 ಇಂಚಿನವರೆಗೆ ಒಯ್ಯಿರಿ. ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡವನ್ನು, ಅಂದರೆ ಮ್ಯಾನಿಫೋಲ್ಡ್ ಒತ್ತಡವನ್ನು, ಈ ವಿಮಾನದಲ್ಲಿ ಪಾದರಸದ ಇಂಚಿನಲ್ಲಿ ಅಳೆಯುತ್ತಾರೆ. ಮೂತಿ ಎಡಕ್ಕೆ ಎಳೆಯುವುದು ಕೂಡಲೇ ಗೊತ್ತಾಗುತ್ತದೆ. ಗಂಟೆಗೆ 60 ಮೈಲಿ ಬಂದಾಗ ಥ್ರಾಟಲ್ ಪೂರ್ತಿ ಹಿಂದಕ್ಕೆಳೆದು, ಬ್ರೇಕ್ ಮುಟ್ಟದೆ, ಬರಿಯ ರಡ್ಡರಿನಲ್ಲಿ ಮಧ್ಯದ ಗೆರೆಯ ಮೇಲೆ ಉಳಿಸಿಕೊಳ್ಳಿ. ನಿಂತ ಮೇಲೆ ತಿರುಗಿಸಿ ಮತ್ತೆ ಅದೇ. ಇಪ್ಪತ್ತು ಸಲ.

ರಡ್ಡರ್ ಹೇಗೆ ಒತ್ತಬೇಕು ಅನ್ನುವುದೇ ಇಲ್ಲಿನ ಸಾರವೆಲ್ಲ. ಒತ್ತಿ ಹಿಡಿದುಕೊಳ್ಳಬೇಡಿ. ಮೂತಿ ಎಡಕ್ಕೆ ಹೊರಡುತ್ತಿದೆ ಅನ್ನಿಸಿದ ಕೂಡಲೇ ಬಲಕ್ಕೆ ಚುಟುಕಾಗಿ ಒತ್ತಿ. ಮೂತಿ ಮರಳಲು ಶುರುಮಾಡಿದೊಡನೆ ಕಾಲು ಬಿಡಿ. ಗೆರೆಗೆ ಬಂದು ಸೇರುವವರೆಗೂ ಒತ್ತಿಕೊಂಡಿದ್ದರೆ ಅದು ಗೆರೆ ದಾಟಿ ಆಚೆಗೆ ಹೋಗುತ್ತದೆ, ನೀವು ಗಾಬರಿಯಿಂದ ಈ ಕಡೆ ಒತ್ತುತ್ತೀರಿ, ಮೂರನೇ ತೂಗಾಟಕ್ಕೆ ವಿಮಾನ ನಿಮ್ಮ ಕೈ ಬಿಟ್ಟಿರುತ್ತದೆ. ಕಣ್ಣು ರನ್‌ವೇಯ ಆ ತುದಿಯ ಮೇಲಿರಲಿ. ಮೂತಿಯ ಹತ್ತಿರ ನೋಡಿದರೆ ಹೊರಳಿದ್ದು ತಡವಾಗಿ ತಿಳಿಯುತ್ತದೆ. ದೂರ ನೋಡಿದರೆ ಒಂದು ಡಿಗ್ರಿ ತಪ್ಪಿದರೂ ತಿಳಿಯುತ್ತದೆ.

ಮೂರನೇ ದಿನ ಇದನ್ನೇ ಬಾಲ ಎತ್ತಿ ಮಾಡಿ. 60 ಮೈಲಿ ದಾಟಿದ ಮೇಲೆ ಸ್ಟಿಕ್ಕನ್ನು ಸ್ವಲ್ಪ ಮುಂದಕ್ಕೆ ಬಿಟ್ಟರೆ ಬಾಲ ಮೇಲೇಳುತ್ತದೆ, ಏಳುವಾಗ ಮೂತಿ ಎಡಕ್ಕೆ ಒಮ್ಮೆ ಜಗ್ಗುತ್ತದೆ. ಮಸ್ಟಾಂಗ್‌ನ ಪ್ರೊಪೆಲ್ಲರಿಗೆ ನಾಲ್ಕು ಅಲಗು, ಅಡ್ಡಳತೆ 11 ಅಡಿಗಿಂತ ಹೆಚ್ಚು. ಅಷ್ಟು ದೊಡ್ಡ ತಿರುಗುವ ಚಕ್ರವನ್ನು ಬಾಗಿಸಿದರೆ ಅದು ಪಕ್ಕಕ್ಕೆ ತಳ್ಳದೆ ಇರುವುದಿಲ್ಲ, ಬುಗುರಿಯ ನಿಯಮವೇ ಅದು. ಬಾಲ ಏಳುವ ಮುಂಚೆಯೇ ಬಲಗಾಲು ಸಿದ್ಧವಿರಲಿ. ಇಳಿದ ಮೇಲೆ ಬಾಲ ಕೂರುವಾಗ ಇದೇ ಎಳೆತ ಬಲಕ್ಕೆ ಬರುತ್ತದೆ, ಎಂಜಿನ್ ಕಡಿಮೆ ಇರುವುದರಿಂದ ಮೆದುವಾಗಿ.

ಈ ಮೂರು ದಿನ ಬೇಸರ ತರಿಸುತ್ತವೆ. ಬೇಸರವಾದರೂ ಮಾಡಿ. ನಾನು ಕಲಿಸಿದವರಲ್ಲಿ ಈ ಮೂರು ದಿನ ಕೂತವರೆಲ್ಲ ಇಳಿಸಿದ್ದಾರೆ.

ಎಂಟು ಸಾವಿರ ಅಡಿಯಲ್ಲಿ ಒಂದು ರನ್‌ವೇ

ಈಗ ಹಾರಿ. ರಡ್ಡರ್ ಟ್ರಿಮ್ ಬಲಕ್ಕೆ 6 ಡಿಗ್ರಿ. ಥ್ರಾಟಲನ್ನು ಒಂದೇ ಸಲ ನೂಕದೆ ಐದಾರು ಸೆಕೆಂಡು ತೆಗೆದುಕೊಂಡು ಮುಂದಕ್ಕೊಯ್ಯಿರಿ. ಮಸ್ಟಾಂಗ್‌ನ ಎಂಜಿನ್ ಟೇಕ್‌ಆಫ್‌ಗೆ 61 ಇಂಚಿನವರೆಗೆ ಕೊಡುತ್ತದೆ, ಆದರೆ ಬಂದೂಕಿಲ್ಲದ, ಅರ್ಧ ಇಂಧನದ ಈ ವಿಮಾನಕ್ಕೆ ಅಷ್ಟು ಬೇಡ, 45ರ ಆಸುಪಾಸು ಸಾಕು. ಚಕ್ರ ಮಡಚಿ, 8,000 ಅಡಿಗೆ ಹತ್ತಿ.

ಅಲ್ಲಿ ಕಾಣದ ಒಂದು ರನ್‌ವೇ ಇದೆ ಎಂದುಕೊಳ್ಳಿ. ಥ್ರಾಟಲ್ ಇಳಿಸಿ 170 ಮೈಲಿಗಿಂತ ಕೆಳಗೆ ಬಂದ ಮೇಲೆ ಚಕ್ರ ಇಳಿಸಿ. ಅದಕ್ಕಿಂತ ವೇಗದಲ್ಲಿ ಇಳಿಸಬಾರದು. ಪ್ರೊಪೆಲ್ಲರಿನ ಹಿಡಿಕೆಯಿಂದ ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) 2,700ಕ್ಕೆ ಇಡಿ. ಫ್ಲಾಪ್ 10, 20, 30, 40, 50 ಡಿಗ್ರಿ ಎಂದು ಹಂತ ಹಂತವಾಗಿ ಇಳಿಯುತ್ತದೆ. ಪೂರ್ತಿ 50 ಡಿಗ್ರಿಗೆ ವೇಗ 165 ಮೈಲಿಯೊಳಗೆ ಇರಬೇಕು. ಎಲ್ಲ ಇಳಿಸಿ 120 ಮೈಲಿಯಲ್ಲಿ, ಎತ್ತರ ಏರದೆ ಇಳಿಯದೆ, ಐದು ನಿಮಿಷ ಹಾರಿ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ಆಮೇಲೆ 110, ಆಮೇಲೆ 100. ಸ್ಟಿಕ್ ಸಡಿಲವಾಗುತ್ತ ಬರುವುದು, ಮೂತಿ ದಿಗಂತದ ಮೇಲೆ ಎಷ್ಟು ಎದ್ದಿದೆ ಅನ್ನುವುದು, ಗಾಳಿಯ ಸದ್ದು ಹೇಗೆ ತಗ್ಗಿದೆ ಅನ್ನುವುದು ಇವೆಲ್ಲ ಮೈಗೆ ಹತ್ತಬೇಕು. ಇಳಿಯುವಾಗ ಮೀಟರ್ ನೋಡಲು ಪುರುಸೊತ್ತು ಇರುವುದಿಲ್ಲ, ಕಿವಿಯೇ ಹೇಳಬೇಕು.

ಕೊನೆಗೆ ಥ್ರಾಟಲ್ ಪೂರ್ತಿ ಹಿಂದಕ್ಕೆಳೆದು ಎತ್ತರ ಬಿಟ್ಟುಕೊಡದಂತೆ ಸ್ಟಿಕ್ಕನ್ನು ನಿಧಾನವಾಗಿ ಎಳೆಯುತ್ತ ಹೋಗಿ. 90ರ ಆಸುಪಾಸಿನಲ್ಲಿ ವಿಮಾನ ನಡುಗಿ ಒಂದು ರೆಕ್ಕೆ ಕೆಳಕ್ಕೆ ಬೀಳುತ್ತದೆ. ಇದೇ ಸ್ಟಾಲ್. ಸ್ಟಿಕ್ ಮುಂದಕ್ಕೆ ಬಿಡಿ, ಬಿದ್ದ ರೆಕ್ಕೆಯ ಎದುರು ಕಡೆಯ ರಡ್ಡರ್ ಕೊಡಿ, ಥ್ರಾಟಲ್ ಮೆಲ್ಲಗೆ ಕೊಡಿ. ಆಲ್ಟಿಮೀಟರಿನಲ್ಲಿ ಎಷ್ಟು ಅಡಿ ಹೋಯಿತು ನೋಡಿ. ಇದೇ ಬೀಳು ರನ್‌ವೇಗೆ ತಿರುಗುವಾಗ 400 ಅಡಿಯಲ್ಲಿ ಆದರೆ ಉಳಿಯುವ ದಾರಿಯಿಲ್ಲ ಎಂದು ಆ ಮುಳ್ಳೇ ಹೇಳುತ್ತದೆ.

ಸುತ್ತು

ರನ್‌ವೇ 07, ಅಂದರೆ ಸಮುದ್ರದ ಕಡೆಯಿಂದ ಬಂದು ನೆಲದ ಕಡೆಗೆ ಇಳಿಯುವುದು. ಟೇಕ್‌ಆಫ್ ಕೂಡ ಅದೇ ದಿಕ್ಕಿಗೆ. 1,000 ಅಡಿಗೆ ಏರಿ, ಎರಡು ಸಲ ಎಡಕ್ಕೆ ತಿರುಗಿ ರನ್‌ವೇಗೆ ಸಮಾನಾಂತರವಾಗಿ ಸಮುದ್ರದ ಕಡೆ ಹಿಂತಿರುಗಿ. ರನ್‌ವೇ ನಿಮ್ಮ ಎಡಗಡೆ, ರೆಕ್ಕೆಯ ತುದಿಯ ಹತ್ತಿರ ಜಾರುತ್ತಿರಬೇಕು. ರೆಕ್ಕೆಯ ಮಧ್ಯಕ್ಕೆ ಬಂದರೆ ತೀರಾ ಹತ್ತಿರವಿದ್ದೀರಿ, ತುದಿಯಿಂದ ಆಚೆ ದೂರ ಕಂಡರೆ ದೂರ ಹೋಗಿದ್ದೀರಿ.

ಈ ನೇರದಲ್ಲೇ ವೇಗ 160ಕ್ಕೆ ತನ್ನಿ. ರನ್‌ವೇಯ ತುದಿ ಭುಜದ ಸಮಕ್ಕೆ ಬಂದಾಗ ಚಕ್ರ ಇಳಿಸಿ, ಹಸಿರು ದೀಪ ನೋಡಿ, ಫ್ಲಾಪ್ 20. ರನ್‌ವೇಯ ತುದಿ ಎಡ ಭುಜದ ಹಿಂದಕ್ಕೆ ಓರೆಯಾಗಿ ಸರಿದಾಗ ಎಡಕ್ಕೆ ತಿರುಗಲು ಶುರುಮಾಡಿ. ತಿರುವಿನಲ್ಲಿ 140, ಫ್ಲಾಪ್ 30 ಅಥವಾ 40. ಈ ತಿರುವನ್ನು ಚೌಕವಾಗಿ ಕತ್ತರಿಸದೆ ಬಳೆಯಂತೆ ದುಂಡಗೆ, ರನ್‌ವೇಗೆ ಮುಟ್ಟುವವರೆಗೂ ಬಾಗಿಸಿಕೊಂಡೇ ಬನ್ನಿ. ಉದ್ದ ಮೂತಿಯ ವಿಮಾನದಲ್ಲಿ ನೇರಕ್ಕೆ ಬಂದರೆ ರನ್‌ವೇ ಮೂತಿಯ ಮರೆಗೆ ಹೋಗುತ್ತದೆ. ಬಾಗಿ ಬಂದರೆ ಎಡಗಡೆಯ ಗಾಜಿನಲ್ಲಿ ಕೊನೆಯವರೆಗೂ ಕಾಣುತ್ತಿರುತ್ತದೆ. ಯುದ್ಧಕಾಲದ ಬ್ರಿಟಿಷ್ ನೌಕಾಪಡೆಯ ಪೈಲಟ್‌ಗಳು ಕೊರ್ಸೇರ್ ವಿಮಾನವನ್ನು ಹಡಗಿನ ಮೇಲೆ ಇಳಿಸುತ್ತಿದ್ದದ್ದೂ ಹೀಗೇ ಬಾಗಿಸಿಕೊಂಡು.

ಬಾಗು ಮುಗಿಯುವ ಹೊತ್ತಿಗೆ ಪೂರ್ತಿ ಫ್ಲಾಪ್, ವೇಗ 120. ರನ್‌ವೇ ಅಂಚು ದಾಟುವಾಗ 110. ನನ್ನ ಕೈಯಲ್ಲಿ ಈ ವೇಳೆಗೆ ಥ್ರಾಟಲ್ 20 ಇಂಚಿನ ಸುತ್ತಮುತ್ತ ಇರುತ್ತದೆ. ವೇಗವನ್ನು ಸ್ಟಿಕ್‌ನಲ್ಲಿ ಹಿಡಿಯಿರಿ, ಎತ್ತರವನ್ನು ಥ್ರಾಟಲಿನಲ್ಲಿ. ಕೆಳಗಿಳಿಯುತ್ತಿದ್ದೇನೆ ಅನ್ನಿಸಿದರೆ ಮೂತಿ ಎತ್ತಬೇಡಿ, ಥ್ರಾಟಲ್ ಕೊಡಿ.

ವೇಗದ ವಿಷಯದಲ್ಲಿ ನಾನು ಹಟಮಾರಿ. ‘ಇರಲಿ, ಸ್ವಲ್ಪ ಜಾಸ್ತಿ ಇದ್ದರೆ ಸುರಕ್ಷಿತ’ ಎಂದು ಬಹಳ ಜನ 130ರಲ್ಲಿ ಅಂಚು ದಾಟುತ್ತಾರೆ. 110ರ ಜಾಗದಲ್ಲಿ 132 ಇದ್ದರೆ ವೇಗ ಐದನೇ ಒಂದರಷ್ಟು ಹೆಚ್ಚಾಯಿತು, ಸರಿ. ಆದರೆ ಕರಗಿಸಬೇಕಾದ ಶಕ್ತಿ ವೇಗದ ವರ್ಗದಷ್ಟು, ಅಂದರೆ ಶೇ 44 ಹೆಚ್ಚಾಯಿತು. ಆ ಶಕ್ತಿ ಎಲ್ಲಿ ಹೋಗುತ್ತದೆ? ರೆಕ್ಕೆ ಇನ್ನೂ ಹಾರಲು ಒಪ್ಪುವುದರಿಂದ ವಿಮಾನ ನೆಲ ಮುಟ್ಟಿದರೂ ಮತ್ತೆ ಏಳುತ್ತದೆ. ಪುಟಿಯುವುದರ ಬೇರು ಚಕ್ರದ ಸ್ಪ್ರಿಂಗಿನಲ್ಲಿಲ್ಲ, ಇಲ್ಲಿದೆ. ಬಾಗು ಮುಗಿಯುವಾಗ ಮುಳ್ಳು 120ಕ್ಕೆ ಬಂದಿಲ್ಲವೆಂದರೆ ಇಳಿಯಲೇಬೇಡಿ, ಇನ್ನೊಂದು ಸುತ್ತು ಹೋಗಿ.

ಮುಟ್ಟುವುದು

ಅಂಚು ದಾಟಿತು. ಕಣ್ಣು ರನ್‌ವೇಯ ಆ ತುದಿಗೆ. ಎಷ್ಟು ಎತ್ತರದಲ್ಲಿದ್ದೀರಿ ಎಂದು ಹೇಳುವುದು ಮುಂದಿನ ನೋಟವಲ್ಲ, ಪಕ್ಕದ ನೋಟ. ರನ್‌ವೇಯ ಎರಡು ಅಂಚುಗಳು ಕಣ್ಣಿನ ಎರಡು ಮೂಲೆಗಳಲ್ಲಿ ಮೊದಲು ಮೆಲ್ಲಗೆ, ಆಮೇಲೆ ಥಟ್ಟನೆ ಅಗಲವಾಗಿ ಮೇಲಕ್ಕೆ ಏಳುತ್ತವೆ, ಬಾವಿಯೊಳಗೆ ಇಳಿಯುವಾಗ ಗೋಡೆ ಏಳುವಂತೆ. ಅಗಲವಾಗಲು ಶುರುವಾದಾಗ ಥ್ರಾಟಲನ್ನು ಹಿಂದಕ್ಕೆ ತರಲು ಶುರುಮಾಡಿ, ಸ್ಟಿಕ್ಕನ್ನು ಎಳೆಯಲು ಶುರುಮಾಡಿ. ಎರಡೂ ನಿಧಾನ. ವಿಮಾನ ಎರಡು ಮೂರು ಅಡಿ ಮೇಲೆ ತೇಲತೊಡಗುತ್ತದೆ. ಈಗ ನಿಮ್ಮ ಕೆಲಸ ಅದನ್ನು ನೆಲಕ್ಕೆ ಬಿಡದಿರುವುದು. ವಿಚಿತ್ರ ಅನ್ನಿಸಬಹುದು. ಇಳಿಸಬೇಕು ಅಂದುಕೊಂಡವರು ಇಲ್ಲಿ ಸ್ಟಿಕ್ ಮುಂದಕ್ಕೆ ತಳ್ಳುತ್ತಾರೆ, ಚಕ್ರ ಬಡಿಯುತ್ತದೆ, ಪುಟಿಯುತ್ತದೆ. ‘ಇನ್ನೂ ಹಾರು, ಇನ್ನೂ ಹಾರು’ ಎಂದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸ್ಟಿಕ್ ಎಳೆಯುತ್ತಿರಿ. ಮೂತಿ ಮೇಲೇಳುತ್ತ ಮುಂದಿನ ರನ್‌ವೇಯನ್ನು ಮುಚ್ಚುತ್ತದೆ. ಗಾಳಿಯ ಸದ್ದು ತೆಳುವಾಗುತ್ತದೆ. ಒಂದು ಹಂತದಲ್ಲಿ ವಿಮಾನ ತಾನೇ ಸೋತು ಕೂರುತ್ತದೆ, ಮೂರು ಚಕ್ರವೂ ಒಟ್ಟಿಗೆ. ಗಡಗಡ ಎಂದು ಸಣ್ಣ ಸದ್ದು, ಅಷ್ಟೇ.

ಆ ಸದ್ದು ಕೇಳಿದ ಕೂಡಲೇ ಸ್ಟಿಕ್ ಪೂರ್ತಿ ಹೊಟ್ಟೆಗೆ. ಬಾಲದ ಚಕ್ರ ಲಾಕ್ ಆಗಿರಬೇಕು. ಕಾಲು ಎಚ್ಚರವಾಗಿರಬೇಕು, ಮೊದಲ ಮೂರು ದಿನ ಕಲಿತದ್ದು ಈಗ ಬೇಕು. ವೇಗ 50ಕ್ಕೆ ಬರುವವರೆಗೆ ಬ್ರೇಕ್ ಮರೆತುಬಿಡಿ, ಆಮೇಲೆ ಚುಟುಕು ಚುಟುಕಾಗಿ ಒತ್ತಿ. ಬೇಗ ಒತ್ತಿದರೆ ಬಾಲ ಎದ್ದು ಪ್ರೊಪೆಲ್ಲರ್ ನೆಲಕ್ಕೆ ತಾಗುತ್ತದೆ. ನಡಿಗೆಯ ವೇಗಕ್ಕೆ ಬರುವ ಮುಂಚೆ ಫ್ಲಾಪಿಗೆ ಕೈ ಹಾಕುವುದು, ರೇಡಿಯೊ ಒತ್ತುವುದು, ಹೊರಗಿನ ನೋಟಕ್ಕೆ ಹೋಗಿ ನೋಡುವುದು ಯಾವುದೂ ಬೇಡ. ನಾನು ಮೊದಲ ಬಾರಿ ಚೆನ್ನಾಗಿ ಮುಟ್ಟಿಸಿದ ದಿನ ಖುಷಿಗೆ ಎಫ್2 ಒತ್ತಿ ಹೊರಗಿನಿಂದ ನೋಡಿದೆ. ಹೊರಗಿನಿಂದ ಕಂಡದ್ದು ವಿಮಾನ ಗಿರಕಿ ಹೊಡೆಯುವುದು.

ಪುಟಿದರೆ

ಒಂದೆರಡು ಅಡಿ ಪುಟಿದರೆ ಸ್ಟಿಕ್ ಇದ್ದಲ್ಲೇ ಹಿಡಿದುಕೊಳ್ಳಿ, ಥ್ರಾಟಲ್ ಒಂದು ಚೂರು ಕೊಡಿ, ಮತ್ತೆ ಕೂರುತ್ತದೆ. ಮುಂದಕ್ಕೆ ತಳ್ಳುವುದು ಮಾತ್ರ ಬೇಡ. ಒಂದು ಸಲ ತಳ್ಳಿದರೆ ಎರಡನೇ ಪುಟಿತ ಮೊದಲಿನದಕ್ಕಿಂತ ದೊಡ್ಡದು, ಮೂರನೆಯದಕ್ಕೆ ಚಕ್ರದ ಕಾಲು ಮುರಿಯುತ್ತದೆ.

ಅದಕ್ಕಿಂತ ಎತ್ತರಕ್ಕೆ ಪುಟಿದರೆ ಬಿಟ್ಟು ಮತ್ತೆ ಹಾರಿ. ಇಲ್ಲೊಂದು ಅಪಾಯವಿದೆ. ಗಾಬರಿಯಲ್ಲಿ ಥ್ರಾಟಲನ್ನು ಒಮ್ಮೆಗೇ ಮುಂದಕ್ಕೆ ಬಡಿದರೆ ಪ್ರೊಪೆಲ್ಲರಿನ ಪ್ರತಿತಿರುವು ವಿಮಾನವನ್ನೇ ಎಡಕ್ಕೆ ಮಗುಚುತ್ತದೆ. 90 ಮೈಲಿಯಲ್ಲಿ ಅದನ್ನು ತಡೆಯುವ ಬಲ ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಏಲರಾನಿಗೆ ಇರುವುದಿಲ್ಲ. ಮೂರು ಎಣಿಸುತ್ತ 40 ಇಂಚಿಗೆ ಒಯ್ಯಿರಿ, ಜೊತೆಗೇ ಬಲಗಾಲು. ವಿಮಾನ ಏರತೊಡಗಿದ ಮೇಲೆ ಚಕ್ರ ಮಡಚಿ, ಆಮೇಲೆ ಫ್ಲಾಪನ್ನು ಹತ್ತು ಹತ್ತು ಡಿಗ್ರಿಯಾಗಿ ಎತ್ತಿ. ಪೂರ್ತಿ ಒಂದೇ ಸಲ ಎತ್ತಿದರೆ ಮೆಟ್ಟಿಲು ತಪ್ಪಿದಂತೆ ಕೆಳಕ್ಕೆ ಕುಸಿಯುತ್ತದೆ. ಇದನ್ನು ಬೇಕೆಂದೇ ಅಭ್ಯಾಸ ಮಾಡಿ: ಐದು ಸುತ್ತಿಗೆ ಒಂದನ್ನು ಚೆನ್ನಾಗಿ ಬಂದಿದ್ದರೂ ಬಿಟ್ಟು ಹಾರಿ.

ಅಡ್ಡಗಾಳಿಯನ್ನು ಮೂರನೇ ವಾರದವರೆಗೆ ತರಬೇಡಿ. ತಂದಾಗ ಸೆಕೆಂಡಿಗೆ 3 ಮೀಟರಿನಿಂದ ಶುರುಮಾಡಿ. ಗಾಳಿ ಬರುವ ಕಡೆಯ ರೆಕ್ಕೆ ಸ್ವಲ್ಪ ತಗ್ಗಿಸಿ, ಎದುರು ರಡ್ಡರಿನಲ್ಲಿ ಮೂತಿ ನೇರ ಹಿಡಿದು, ಆ ಕಡೆಯ ಚಕ್ರ ಮೊದಲು ಮುಟ್ಟಿಸಿ. ಮುಟ್ಟಿದ ಮೇಲೂ ಸ್ಟಿಕ್ ಗಾಳಿಯ ಕಡೆಗೇ ಇರಲಿ.

ಸ್ಪಿಟ್‌ಫೈರ್, 109

ಮಸ್ಟಾಂಗ್‌ನಲ್ಲಿ ಹತ್ತಕ್ಕೆ ಎಂಟು ನೆಟ್ಟಗೆ ನಿಲ್ಲಿಸುವಂತಾದ ಮೇಲೆ ಇವಕ್ಕೆ ಕೈ ಹಾಕಿ. ಮಸ್ಟಾಂಗ್‌ನ ಎರಡು ಚಕ್ರಗಳ ನಡುವಿನ ಅಂತರ ಸುಮಾರು 12 ಅಡಿ, ಸ್ಪಿಟ್‌ಫೈರ್‌ನದು 6 ಅಡಿಗಿಂತ ಕಡಿಮೆ. ಮಸ್ಟಾಂಗ್ ಕಾಲು ಅಗಲಿಸಿ ನಿಂತ ಪೈಲ್ವಾನನಂತೆ, ಸ್ಪಿಟ್‌ಫೈರ್ ಕಾಲು ಜೋಡಿಸಿ ನಿಂತಂತೆ. ಸ್ವಲ್ಪ ಪಕ್ಕಕ್ಕೆ ಜಾರಿ ಮುಟ್ಟಿದರೂ ರೆಕ್ಕೆ ತೂಗುತ್ತದೆ. ಅದನ್ನೇ ಹಡಗಿಗಾಗಿ ಮಾರ್ಪಡಿಸಿದ ಸೀಫೈರ್‌ಗಳನ್ನು 1943ರ ಸೆಪ್ಟೆಂಬರಿನಲ್ಲಿ ಇಟಲಿಯ ಸಲೆರ್ನೊ ದಾಳಿಗೆ ಬಳಸಿದಾಗ ಶತ್ರುವಿನ ಕೈಯಲ್ಲಿ ಹೋದದ್ದಕ್ಕಿಂತ ಹಡಗಿನ ಮೇಲೆ ಇಳಿಯುವಾಗ ಮುರಿದದ್ದೇ ಬಹಳ ಹೆಚ್ಚು. ಗಾಳಿ ಸತ್ತಿತ್ತು, ಹಡಗುಗಳು ಸಣ್ಣವು, ನಿಧಾನದವು, ಚಕ್ರದ ಕಾಲು ನಾಜೂಕಿನದು.

ಡಿಸಿಎಸ್‌ನ ಸ್ಪಿಟ್‌ಫೈರ್ ಒಂಬತ್ತನೇ ಮಾರ್ಕ್. ಫ್ಲಾಪಿಗೆ ಹಂತಗಳಿಲ್ಲ, ಪೂರ್ತಿ ಮೇಲೆ ಇಲ್ಲವೇ ಪೂರ್ತಿ ಕೆಳಗೆ. ಚಕ್ರ, ಫ್ಲಾಪ್ ಎರಡನ್ನೂ 160 ಮೈಲಿಗಿಂತ ಕೆಳಗೆ ಇಳಿಸಿ. ಕೊನೆಯ ವೇಗ 95ರಿಂದ 100. ಬ್ರೇಕು ಗಾಳಿಯ ಒತ್ತಡದ್ದು, ಸ್ಟಿಕ್‌ನ ಹಿಡಿಯ ಮೇಲಿನ ಒಂದೇ ಲಿವರಿನಿಂದ ಹಿಡಿಯಬೇಕು, ಎಡಕ್ಕೋ ಬಲಕ್ಕೋ ಅನ್ನುವುದನ್ನು ರಡ್ಡರ್ ಪೆಡಲ್ ಹಂಚುತ್ತದೆ. ಬಾಲದ ಚಕ್ರಕ್ಕೆ ಲಾಕ್ ಇಲ್ಲ, ಹಾಗಾಗಿ ಕಾಲಿನ ಕೆಲಸ ದುಪ್ಪಟ್ಟು. ಸ್ಟಿಕ್ ಬಲು ಹಗುರ, ಹಿಂದುಮುಂದಿಗೆ ಮಸ್ಟಾಂಗ್‌ಗಿಂತ ಹೆಚ್ಚು ಕರ್ವ್ ಕೊಡಿ. ನೆಲದ ಮೇಲೆ ಎಂಜಿನ್ ಬೇಗ ಬಿಸಿಯೇರುತ್ತದೆ, ಇಳಿದ ಮೇಲೆ ಸುತ್ತಾಡದೆ ಸೀದಾ ಹೋಗಿ ನಿಲ್ಲಿಸಿ.

109ರ ವೇಗದ ಮೀಟರ್ ಗಂಟೆಗೆ ಕಿಲೋಮೀಟರಿನಲ್ಲಿದೆ. ಕೊನೆಯ ನೇರಕ್ಕೆ 200, ಅಂಚು ದಾಟುವಾಗ 180. ಫ್ಲಾಪನ್ನು ಎಡಗಡೆಯ ಚಕ್ರ ಕೈಯಲ್ಲಿ ತಿರುಗಿಸಿ ಇಳಿಸಬೇಕು, ಸುತ್ತುಗಳು ಬಹಳ, ಅದಕ್ಕೇ ಸಮಾನಾಂತರ ನೇರದಲ್ಲೇ ಶುರುಮಾಡಿ. ಅದರ ಪಕ್ಕದ ಇನ್ನೊಂದು ಚಕ್ರ ಬಾಲದ ಟ್ರಿಮ್ಮಿನದು. ಫ್ಲಾಪ್ ಇಳಿದಂತೆ ಅದನ್ನೂ ಹೊಂದಿಸುತ್ತ ಬನ್ನಿ. ನಿಧಾನವಾದಾಗ ರೆಕ್ಕೆಯ ಮುಂದಿನ ಅಂಚಿನ ಪಟ್ಟಿಗಳು, ಅಂದರೆ ಸ್ಲ್ಯಾಟ್‌ಗಳು ತಾವಾಗಿ ಹೊರಬರುತ್ತವೆ, ಹೆದರಬೇಡಿ. ಬಾಲದ ಚಕ್ರದ ಲಾಕ್ ಇಲ್ಲಿ ಬೇರೆಯೇ ಹಿಡಿಕೆ. ಟೇಕ್‌ಆಫ್‌ಗೆ ಮುಂಚೆ ಹಾಕಿ, ಇಳಿಯುವ ಮುಂಚೆ ಹಾಕಿದೆಯೇ ಎಂದು ಮತ್ತೊಮ್ಮೆ ನೋಡಿ. ನಿಂತ ಮೇಲೆ ರನ್‌ವೇಯಿಂದ ಪಕ್ಕಕ್ಕೆ ತಿರುಗುವಾಗ ಮಾತ್ರ ತೆಗೆಯಿರಿ.